ನವಣೆ ಮೊಳೆತ ಹಳಿ

“ಚನ್ನಗಿರಿಗೆ ರೈಲು ಬರೋದೂ ಒಂದೇ, ಇವಳು ಡಿಗ್ರಿ ಮಾಡೋದೂ ಒಂದೇ. ಎರಡೂ ಆಗೋ ಮಾತಲ್ಲ ಬಿಡ್ರೀ” ಎಂದವರು ನನ್ನ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ನನ್ನ ಪಿಯುಸಿ ಫಲಿತಾಂಶ ಬಂದ ದಿನ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಬೀದಿಗೆಲ್ಲ ಕೇಳುವಂತೆ ಅಂದರು. ಎದುರಿಗಿದ್ದವರು ನಕ್ಕರು. ನಾನು ಬಾಗಿಲ ಹಿಂದೆ ಮಾರ್ಕ್ಸ್ ಕಾರ್ಡ್ ಹಿಡಿದು ನಿಂತಿದ್ದೆ. ಕ್ಷಮೆ ದೊಡ್ಡ ಗುಣ ಎಂದು ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಆದರೆ ಆ ನಗುವನ್ನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು, ನಮ್ಮೂರಿಗೆ ರೈಲಿಲ್ಲ. ಹೊನ್ನಾಳಿಗೂ ಇಲ್ಲ, ನ್ಯಾಮತಿಗೂ ಇಲ್ಲ, ನಮ್ಮವ್ವನ ತವರು ಜಗಳೂರಿಗೂ ಇಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಿ ದಾವಣಗೆರೆಗೋ ಭದ್ರಾವತಿಗೋ ಹೋಗಬೇಕು. ಅದಕ್ಕೇ ದೊಡ್ಡಪ್ಪ ಆಗದ ಕೆಲಸಕ್ಕೆಲ್ಲ ರೈಲನ್ನು ಎಳೆದು ತರುತ್ತಿದ್ದರು. ಸೋಮಾರಿ ಆಳು ಹೊತ್ತಿಗೆ ಸರಿಯಾಗಿ ಬರುವುದೂ ಅವರ ಲೆಕ್ಕದಲ್ಲಿ ಚನ್ನಗಿರಿಗೆ ರೈಲು ಬಂದಂತೆಯೇ.

ನಮ್ಮ ತಾತನ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಳಗೆ ಗೋಡೆ ಬಂತು, ಜಗಲಿ ಮಾತ್ರ ಒಂದೇ ಉಳಿಯಿತು. ದೊಡ್ಡಪ್ಪನದು ಅಡಿಕೆ ವ್ಯಾಪಾರ. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಅಂದಿನಿಂದ ಅವ್ವ ಕಂಡವರ ಅಂಗಳದಲ್ಲಿ ಕೂತು ಅಡಿಕೆ ಸುಲಿದು ನನ್ನನ್ನು ಓದಿಸಿದಳು. ದೊಡ್ಡಪ್ಪನ ಭಾಗದ ಜಗಲಿಗೆ ಬೆಳಗಿನ ಬಿಸಿಲು ಬೀಳುತ್ತದೆ, ನಮ್ಮ ಭಾಗದಲ್ಲಿ ನೆರಳು. ಹಾಗಾಗಿ ಅವರ ಕುರ್ಚಿ ಯಾವಾಗಲೂ ನಮ್ಮ ಬಾಗಿಲಿಗೆ ಅಡ್ಡ. ಎದ್ದ ಕೂಡಲೇ ಪೇಪರು, ಟೀ ಲೋಟ ಹಿಡಿದು ಅಲ್ಲಿ ಕೂತರೆ ಅಂಗಡಿಗೆ ಹೋಗುವ ತನಕ ಏಳುವವರಲ್ಲ.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ, ಅವರು ಕೂತಿರುವಾಗ ಮುಂದೆ ಹಾದು ಹೋಗುವುದಂತೂ ಇಲ್ಲವೇ ಇಲ್ಲ. ಅವ್ವ ಮದುವೆಯಾಗಿ ಬಂದಾಗಿನಿಂದ ಅವರೊಂದಿಗೆ ಒಂದು ಮಾತಾಡಿದ್ದಿಲ್ಲ. ಹೇಳಬೇಕಾದ್ದನ್ನು ನನಗೆ ಹೇಳುವಳು, ಅವರು ಕೇಳಿಸಿಕೊಳ್ಳುವರು. ಕುರ್ಚಿ ಬಾಗಿಲಲ್ಲಿ ಇದ್ದಷ್ಟು ಹೊತ್ತು ತನ್ನ ಸ್ವಂತ ಮನೆಯಿಂದ ಹಿತ್ತಲ ಬಾಗಿಲಲ್ಲಿ ಹೊರಗೆ ಹೋಗುವಳು. ಒಂದು ಸಲ ನಾನು ಸಿಟ್ಟಿಗೆದ್ದು “ದೊಡ್ಡಪ್ಪ, ಕುರ್ಚಿ ಸ್ವಲ್ಪ ಆ ಕಡೆ ಹಾಕ್ಕಳ್ರಿ” ಎಂದಿದ್ದೆ. “ಯಾಕವ್ವಾ, ನಿಮ್ಮನೇಗೆ ರೈಲು ಬರೋದೈತಾ?” ಎಂದು ಕೇಳಿ ಪೇಪರು ತಿರುವಿದರು.

ಡಿಗ್ರಿ ಮಾಡಿದೆ. ದಾವಣಗೆರೆಗೆ ದಿನಾ ಬಸ್ಸು, ಬಸ್ಸಿನಲ್ಲಿ ನಿಂತೇ ಓದು, ಬಿ.ಎಸ್ಸಿ. ಫಸ್ಟ್ ಕ್ಲಾಸ್. ನಮ್ಮ ವಂಶದಲ್ಲಿ ಗಂಡು ಹೆಣ್ಣು ಯಾರೂ ಅಲ್ಲಿಯವರೆಗೆ ಕಾಲೇಜಿನ ಗೇಟು ದಾಟಿರಲಿಲ್ಲ. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಯಲ್ಲಿ ಹುಡುಕಿ ಹುಡುಕಿ ಒಂದು ಜಾಗ ಹಿಡಿದೆ. ದೊಡ್ಡಪ್ಪನ ಕುರ್ಚಿಯಿಂದ ತಲೆ ತಿರುಗಿಸಿದರೆ ನೇರ ಕಾಣುವ ಜಾಗ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಮೊಳೆಯನ್ನೂ ಹೊಡೆದೆ.

“ಆ ಮೊಳೆ ಯಾತಕ್ಕೆ?” ಎಂದು ದೊಡ್ಡಪ್ಪ ಕೇಳಿದರು.

“ಇನ್ನೊಂದು ಬರೋದೈತೆ.”

“ಏನು, ಡಬಲ್ ಡಿಗ್ರಿಯಾ?”

“ಅಲ್ಲ, ನೀವು ಹೇಳಿದ್ದು ಎರಡು ಮಾತಲ್ವಾ” ಎಂದೆ. ಅವರಿಗೆ ನೆನಪಿರಲಿಲ್ಲ. ಹೊಡೆದವರಿಗೆ ನೆನಪಿರುವುದಿಲ್ಲ.

ಆ ಮೊಳೆ ಹೊಡೆದಾಗ ಅದಕ್ಕೆ ಏನು ತೂಗುಹಾಕುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ಕೆಲಸ ಸಿಕ್ಕಿತು. ಒಂದು ದಿನ ಪಾಠಕ್ಕೆ ಮೋಟಾರಿನ ಚಿತ್ರ ಹುಡುಕುವಾಗ ಮೊಬೈಲಿನಲ್ಲಿ ಮಾದರಿ ರೈಲು ಕಂಡಿತು. ಮೇಜಿನ ಮೇಲೆ ಹಳಿ, ಗುಡ್ಡ, ಸ್ಟೇಷನ್ನು, ಬೆರಳುದ್ದದ ಬೋಗಿಗಳು. ಮಾಡಿದವರೆಲ್ಲ ದೊಡ್ಡವರೇ. ಅವರದೊಂದು ಹವ್ಯಾಸಿಗಳ ಸಂಘ. ಕೈಯಾರೆ ಹಳಿ ಹಾಕಿ ತೋರಿಸಿದವರಿಗೆ ಪರೀಕ್ಷಕರು ಬಂದು, ನೋಡಿ, ನೂರಕ್ಕೆ ಎಪ್ಪತ್ತು ಅಂಕ ಬಿದ್ದರೆ ಕೌಶಲದ ಪ್ರಮಾಣಪತ್ರ ಕೊಡುತ್ತಾರೆ ಎಂದು ಓದಿದೆ. ಮೊಳೆ ನೆನಪಾಯಿತು. ಮಾದರಿಯ ಸ್ಟೇಷನ್ನಿಗೆ ಹೆಸರು ಯಾವುದಿಡಬೇಕೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಹಳದಿ ಬೋರ್ಡು, ಕಪ್ಪಕ್ಷರ: ಚನ್ನಗಿರಿ.

ಎಂಬತ್ತೇಳು ಅಡಿಯನ್ನು ಒಂದು ಅಡಿಗೆ ಇಳಿಸುವ ಅಳತೆ ಅದು. ಆರು ಅಡಿಯ ಆಳು ಬೆರಳಿನ ಒಂದು ಗೆಣ್ಣಿನಷ್ಟಾಗುತ್ತಾನೆ. ಹಳಿಯ ಲೋಹದ ಕಡ್ಡಿಯನ್ನೂ ಎಂಜಿನ್ನನ್ನೂ ಕೊಳ್ಳಬಹುದು, ಮಿಕ್ಕಿದ್ದೆಲ್ಲ ಸ್ವಂತ ಕೈಯಿಂದ ಆಗಬೇಕು. ಒಂದು ನೇರ ಹಳಿ, ಒಂದು ತಿರುವು, ರೈಲು ದಾರಿ ಬದಲಿಸುವ ಒಂದು ಕವಲು. ಕವಲಿಗೆ ಬೆಸುಗೆ ಬೇಕು. ನ್ಯಾಮತಿಯಲ್ಲಿ ಮಿಕ್ಸರು, ರೇಡಿಯೋ ರಿಪೇರಿ ಮಾಡುವ ಒಬ್ಬರಿದ್ದಾರೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವರ ಅಂಗಡಿಗೆ ಹೋಗಿ ಕೂರುತ್ತಿದ್ದೆ. “ಮೇಡಮ್ಮೋರೆ, ಸೀಸ ಕರಗಾಕೆ ಬಿಡ್ರಿ, ತಿವೀಬ್ಯಾಡ್ರಿ” ಎಂದು ಅವರು, ಕೈ ಸುಟ್ಟುಕೊಂಡು ನಾನು. ನಾಲ್ಕು ತಿಂಗಳಿಗೆ ಕೈ ಕೂತಿತು.

ಹಳಿಯ ಕೆಳಗೆ ಹಾಸುವ ಸ್ಲೀಪರಿಗೆ ಅಡಿಕೆ ಮರ ಸೀಳಿದ ದಬ್ಬೆ ಆರಿಸಿಕೊಂಡೆ. ಗಟ್ಟಿ, ಎಳೆ ಸಣ್ಣ, ಬಣ್ಣ ಹಚ್ಚಿದರೆ ಹಳೆಯ ಸಾಗುವಾನಿಯಂತೆ ಕಾಣುತ್ತದೆ. ಒಂದೊಂದೂ ಬೆಂಕಿಕಡ್ಡಿಗಿಂತ ಚಿಕ್ಕದು. ನಾನು ಬ್ಲೇಡಿನಲ್ಲಿ ಹತ್ತು ಕೊಯ್ಯುವಷ್ಟರಲ್ಲಿ ಅವ್ವ ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂತು, ಬಾಯಲ್ಲಿ ಎಲೆ ಹಾಕಿಕೊಂಡು, ನಲವತ್ತು ಸೀಳಿ ಗುಡ್ಡೆ ಹಾಕಿದಳು. ನಾನೂ ಹಿಂದುಮುಂದು ನೋಡದೆ ಅಂಟಿಸಿಬಿಟ್ಟೆ. ಇದೆಲ್ಲ ನಡೆಯುತ್ತಿದ್ದುದು ಬೆಳಗ್ಗೆ ಬಸ್ಸಿಗೆ ಮುಂಚೆ ಮತ್ತು ಭಾನುವಾರ, ಪಡಸಾಲೆಯಲ್ಲಿ, ಬಾಗಿಲ ಬೆಳಕಿಗೆ. ಆ ಬೆಳಕಿನ ಅರ್ಧ ದೊಡ್ಡಪ್ಪನ ಬೆನ್ನಿಗೆ ಹೋಗುತ್ತಿತ್ತು. ಪೇಪರು ಓದಿ ಮುಗಿದ ಮೇಲೆ ಅವರು ಕುರ್ಚಿ ತಿರುಗಿಸಿಕೊಂಡು ನನ್ನನ್ನೇ ನೋಡುತ್ತ ಕೂರುತ್ತಿದ್ದರು.

“ಸರ್ಕಾರದ ಕೈಲೇ ಆಗದ್ದು ಸುಲಿಯೋಳ ಮಗಳ ಕೈಲಿ ಆಗ್ತೈತಂತೆ.”

ನಾನು ಮುಂದಿನ ಕಡ್ಡಿಗೆ ಅಂಟು ಹಚ್ಚುತ್ತಿದ್ದೆ.

“ಟಿಕೇಟ್ ಎಷ್ಟಮ್ಮಾ? ದಾವಣಗೆರೆಗೆ ಒಂದು ಕೊಡು.”

ಹಳಿಯ ನಡುವೆ ಜಲ್ಲಿ ಬೇಕು. ಆ ಅಳತೆಗೆ ಜಲ್ಲಿ ಎಂದರೆ ಕಾಳು. ಜಗಳೂರಿನಿಂದ ಮಾವ ಕಳಿಸಿದ್ದ ನವಣೆಯ ಚೀಲ ಮನೆಯಲ್ಲಿತ್ತು. ಬೂದಿ ಬಣ್ಣದಲ್ಲಿ ಹೊರಳಿಸಿ ನೋಡಿದೆ, ಅಚ್ಚು ಜಲ್ಲಿ! ಎರಡೂವರೆ ಅಡಿ ಉದ್ದಕ್ಕೂ ಚೆಲ್ಲಿ, ಬಿಳಿ ಗೋಂದಿಗೆ ನೀರು ಬೆರೆಸಿ ಹನಿಸಿದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ ಎಂಬ ಭಯ. ಗಾರೆ ಹಾಕಿದ ಮೇಲೆ ನೀರು ಹೊಡೆದು ಗೋಣಿ ಹೊದಿಸುವುದನ್ನು ನೋಡಿ ಬೆಳೆದವಳು ನಾನು. ಹಳಿಗೂ ಒದ್ದೆ ಗೋಣಿ ಹೊದಿಸಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿ, ನಾಲ್ಕು ದಿನ ಮುಟ್ಟದೆ ಬಿಟ್ಟೆ. ಆ ಚೀಲ ಮಾವ ಬಿತ್ತನೆಗೆ ಆರಿಸಿ ಇಟ್ಟಿದ್ದ ಬೀಜ ಎಂಬುದು ನನಗೆ ಗೊತ್ತಿರಲಿಲ್ಲ.

ಭಾನುವಾರ ಗೋಣಿ ಎತ್ತಿದರೆ ಹಳಿ ಹಸಿರಾಗಿತ್ತು. ಬೆಳ್ಳನೆಯ ಬೇರು ಸ್ಲೀಪರಿನ ಸಂದಿಗೆ ಇಳಿದು, ತುದಿಯಲ್ಲಿ ಎಳೆ ಹಸಿರು ಸೂಜಿಗಳು ನೆಟ್ಟಗೆ ನಿಂತಿದ್ದವು. ಬಿ.ಎಸ್ಸಿ. ಮಾಡಿದವಳು, ಎಂಟನೇ ಕ್ಲಾಸಿಗೆ ಬೀಜ ಮೊಳೆಯುವ ಪಾಠ ಹೇಳುವವಳು!

ದೊಡ್ಡಪ್ಪ ಎದ್ದು ನಿಂತರು. ಅವರು ಕುರ್ಚಿಯಿಂದ ಎದ್ದದ್ದು ನಾನು ನೋಡಿದ್ದೇ ಅಪರೂಪ. “ಏ, ಬರ್ರೀ ಬರ್ರೀ! ರೈಲ್ವೆ ಹಳಿ ಮ್ಯಾಲೆ ನವಣೆ ಬೆಳೆದಾಳೆ ನಮ್ ಹುಡುಗಿ!” ಎಂದು ಬೀದಿಯನ್ನು ಕರೆದರು. ಬಂದರು, ಹನ್ನೆರಡು ಹದಿಮೂರು ಜನ. “ಕಳೆ ತಗ್ಯಾಕೆ ಆಳು ಕಳಿಸ್ಲೇನವ್ವಾ?” ಎಂದರು ದೊಡ್ಡಪ್ಪ. ಅದೇ ನಗು, ಹನ್ನೆರಡು ವರ್ಷದ ಮೇಲೆ, ಅದೇ ಜಾಗದಲ್ಲಿ.

ಅವ್ವ ಆಗ ಮನೆಯಲ್ಲಿರಲಿಲ್ಲ. ಹಿಂದಿನ ದಿನವಷ್ಟೇ ಮಾವನ ಮಗಳ ಬಾಣಂತನಕ್ಕೆಂದು ಜಗಳೂರಿಗೆ ಹೋಗಿದ್ದಳು. ಫೋನು ಮಾಡಿ ಹೇಳಿದೆ. “ಹುರಿದು ಹಾಕೋದಲ್ವೇನೆ ಹುಚ್ಚಿ” ಎಂದಳು. ಅಷ್ಟೇ.

ಅವತ್ತೇ ಎಲ್ಲ ಕಿತ್ತೆ. ಕೀಳುವಾಗ ಸಂಘದವರು ಕಳಿಸಿದ್ದ ನಿಯಮದ ಹಾಳೆಯನ್ನು ಮತ್ತೆ ಓದಿದೆ. ಸ್ಲೀಪರೂ ಅರ್ಜಿದಾರರ ಕೈಯದೇ ಆಗಿರಬೇಕು ಎಂದಿತ್ತು. ಅವ್ವನ ನಲವತ್ತನ್ನೂ ಒಂದೊಂದಾಗಿ ಎಬ್ಬಿಸಿ ತಗಡಿನ ಡಬ್ಬಿಗೆ ಹಾಕಿದೆ. ಅವ್ವ ಜಗಳೂರಿನಲ್ಲಿದ್ದ ಮೂರು ವಾರ ನಾನು ಒಬ್ಬಳೇ ದಬ್ಬೆ ಕೊಯ್ದೆ. ಹೊನ್ನಾಳಿಯಲ್ಲಿ ಹೊಳೆಯಿಂದ ಎರಡು ಬೊಗಸೆ ಮರಳು ತಂದು, ಟೀ ಸೋಸುವ ಜರಡಿಯಲ್ಲಿ ಹಿಡಿದು, ತೊಳೆದು, ಒಣಗಿಸಿ ಜಲ್ಲಿ ಮಾಡಿದೆ. ಮರಳು ಮೊಳೆಯುವುದಿಲ್ಲ. ದೊಡ್ಡಪ್ಪ ಒಂದು ದಿನವೂ ತಪ್ಪಿಸದೆ ಬಂದು ಕೂತರು. “ಈ ಸಲ ರಾಗಿನಾ, ಜೋಳನಾ?” ಎಂದು ಕೇಳಿದರು. ಹಲ್ಲು ಕಚ್ಚಿಕೊಂಡು ಕೊಯ್ದೆ. ನನ್ನ ಸ್ಲೀಪರುಗಳು ಅಷ್ಟು ನೆಟ್ಟಗೆ ಬಂದಿದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಕೊನೆಗೆ ಒಂದು ಕೆಲಸ ಮಾಡಿದೆ. ಅದು ನಿಯಮದಲ್ಲಿರಲಿಲ್ಲ. ತಂತಿಯ ಮೇಲೆ ಅಂಟು ಮೆತ್ತಿ ಬೆರಳ ಗೆಣ್ಣಿನೆತ್ತರದ ಒಬ್ಬ ಮನುಷ್ಯನನ್ನು ಮಾಡಿದೆ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಕೆಂಪಂಚಿನ ಟವೆಲ್ಲು, ಕಂಕುಳಲ್ಲಿ ಪೇಪರು. ಪ್ಲಾಟ್‌ಫಾರ್ಮಿನ ತುತ್ತತುದಿಯಲ್ಲಿ, ಒಂದು ಕೈ ಎತ್ತಿ, ಹೋಗುತ್ತಿರುವ ರೈಲಿನ ಹಿಂದೆ ಓಡುವಂತೆ ನಿಲ್ಲಿಸಿದೆ. ಪರೀಕ್ಷಕರು ಬರುವ ದಿನ ಬೆಳಗ್ಗೆಯೇ ಅಂಟಿಸಿದ್ದು. ಅದನ್ನು ಮಾಡುವಾಗ ಬಂದ ಸುಖ ಹಳಿ ಹಾಕುವಾಗಲೂ ಬಂದಿರಲಿಲ್ಲ.

ಪರೀಕ್ಷಕರು ಇಬ್ಬರು. ದಾವಣಗೆರೆವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ನಮ್ಮ ಬಸ್ಸಿನಲ್ಲಿ ಕುಲುಕಿಕೊಂಡು ಬಂದರು. ಒಬ್ಬರು ರೈಲ್ವೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಹಿರಿಯರು, ಇನ್ನೊಬ್ಬರು ಅಂಕ ಬರೆದುಕೊಳ್ಳುವ ಹೆಣ್ಣುಮಗಳು. ದೊಡ್ಡಪ್ಪ ಅವತ್ತು ಅಂಗಡಿಗೂ ಹೋಗದೆ ಬಾಗಿಲಲ್ಲೇ ಇದ್ದರು. ಹಿರಿಯರು ಅವರ ಕುರ್ಚಿಯನ್ನು ಸುತ್ತಿ, ಬಾಗಿಲಿಗೆ ಒರಸಿಕೊಂಡು, ಹೇಗೋ ಒಳಗೆ ಬಂದರು.

ಭೂತಗನ್ನಡಿ ಹಿಡಿದು ನೋಡಿದರು. ಅಳತೆಪಟ್ಟಿ ಇಟ್ಟರು. ರೈಲನ್ನು ಕವಲಿನ ಮೇಲೆ ಮೂರು ಸಲ ಹಾಯಿಸಿದರು, ಮೂರು ಸಲವೂ ಹಳಿ ತಪ್ಪಲಿಲ್ಲ. ಆಮೇಲೆ ಹಿರಿಯರು ಹೇಳಿದರು, “ಕೆಲಸ ಚೆನ್ನಾಗಿದೆ. ಒಂದೇ ತೊಂದರೆ. ನೀವೇ ಮಾಡಿದ್ದು ಅಂತ ಕಂಡವರು ಯಾರಾದರೂ ಸಹಿ ಹಾಕಬೇಕು. ಶುರುವಿನಿಂದ ಕೊನೆವರೆಗೆ ನೋಡಿದವರು. ತಾಯಿಯವರು ಬೇಡ, ಅವರು ಇದೇ ಮನೆಯವರು.”

ಶಾಲೆಯ ಜೊತೆಗಾರರು ನೋಡಿದ್ದು ಮುಗಿದ ಮೇಲೆ. ನ್ಯಾಮತಿಯವರು ಕಂಡದ್ದು ಬರೀ ಬೆಸುಗೆ. ಶುರುವಿನಿಂದ ಕೊನೆವರೆಗೆ, ಒಂದು ದಿನವೂ ತಪ್ಪದೆ ನೋಡಿದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು.

ಅವರೇ ಬಾಯಿ ಹಾಕಿದರು. “ನಾನು ನೋಡೀನಿ ಸ್ವಾಮಿ. ದಿನಾ ನೋಡೀನಿ. ಆ ಮರದ ಕಡ್ಡಿ ಅದಾವಲ್ಲ, ಅವನ್ನ ಕೊಯ್ದೋಳು ಇವಳಲ್ಲ. ಇವರವ್ವ. ಸುಲಿಯೋ ಕತ್ತೀಲಿ ಪಟಪಟ ಕೊಯ್ದು ಕೊಟ್ಟಾಳೆ. ನನ್ನ ಕಣ್ಣಾರೆ ಕಂಡೀನಿ.”

ಹೆಣ್ಣುಮಗಳ ಪೆನ್ನು ನಿಂತಿತು. ಅಡಿಗೆಮನೆಯಲ್ಲಿ ಅವ್ವ ಟೀ ಲೋಟ ಜೋಡಿಸುತ್ತಿದ್ದ ಸದ್ದೂ ನಿಂತಿತು. ನಾನು ಬಾಯಿ ತೆರೆದೆ. ಹಿರಿಯರು ಕೈ ಎತ್ತಿ ನನ್ನನ್ನು ತಡೆದರು.

“ಇದು ಯಾವಾಗ ನಡೆದದ್ದು ಯಜಮಾನರೇ?”

“ಶಿವರಾತ್ರಿಗೆ ಮುಂಚೆ.”

“ಆಮೇಲೆ?”

“ಆಮೇಲೆ ಏನು, ನವಣೆ ಹಾಕಿದ್ಲು!” ದೊಡ್ಡಪ್ಪನಿಗೆ ಹುರುಪು ಬಂತು. ಈ ಕಥೆಯನ್ನು ಅವರು ಅಂಗಡಿಯಲ್ಲಿ ಹೇಳಿ ಹೇಳಿ ನುಣ್ಣಗೆ ಮಾಡಿಟ್ಟಿದ್ದರು. “ಬಿತ್ತನೆ ನವಣೆ ಸ್ವಾಮಿ! ಮ್ಯಾಲೆ ಗೋಣಿ ಹೊದಿಸಿ ನೀರು ಬಿಟ್ಟಾಳೆ. ಮೊಳೀದೆ ಇರ್ತೈತಾ? ಬೀದಿಗೆ ಬೀದಿನೇ ಬಂದು ನೋಡ್ತು. ಎಲ್ಲಾ ಕಿತ್ತಾಕಿದ್ಲು, ಒಂದು ಕಡ್ಡಿ ಬಿಡಲಿಲ್ಲ. ಅವರವ್ವನೂ ಇರಲಿಲ್ಲ, ಜಗಳೂರಿಗೆ ಹೋಗಿದ್ಲು. ಒಬ್ಳೇ ಕೂತು ಬ್ಲೇಡಲ್ಲಿ ಒಂದೊಂದೇ ಕೊಯ್ದು, ಮರಳು ಸೋಸಿ... ಮೂರು ವಾರ! ನನಗೆ ನೋಡಿ ನೋಡಿ ಕತ್ತು ನೋವು ಬಂತು. ಇಂಥ ಕೆಲಸಗೇಡಿ ಕೆಲಸ ಯಾರಾದ್ರೂ ಮಾಡ್ತಾರಾ?”

“ಅಂದರೆ ಈಗ ಇಲ್ಲಿರುವ ಹಳಿ?”

“ಅದೇ ಹೇಳಿದ್ನಲ್ಲ, ಕಿತ್ತಾಕಿದ ಮ್ಯಾಲೆ ಮಾಡಿದ್ದು.”

“ಇಷ್ಟನ್ನು ಬರೆದುಕೊಂಡರೆ ಸಹಿ ಹಾಕುತ್ತೀರಾ?”

“ಯಾಕೆ ಹಾಕಲ್ಲ? ನಾನು ಕಂಡಿದ್ದು ಸುಳ್ಳಾ?”

ನಾನು ಎದ್ದು ಹೋಗಿ ತಗಡಿನ ಡಬ್ಬಿ ತಂದು ಹಿರಿಯರ ಮುಂದೆ ಸುರಿದೆ. ಅವ್ವನ ನಲವತ್ತು. ಕತ್ತಿಯಲ್ಲಿ ಸೀಳಿದ್ದಕ್ಕೆ ಒಂದು ಅಂಚು ಇಳಿಜಾರು, ನನ್ನವು ಬ್ಲೇಡಿನ ಚೌಕ. ಅವರು ಒಂದನ್ನೆತ್ತಿ ಭೂತಗನ್ನಡಿಯಲ್ಲಿ ನೋಡಿ, ಹಳಿಯ ಮೇಲಿನದನ್ನು ನೋಡಿ, ತಲೆಯಾಡಿಸಿದರು. ಹೆಣ್ಣುಮಗಳು ಬರೆದ ಹಾಳೆಯನ್ನು ದೊಡ್ಡಪ್ಪನ ತೊಡೆಯ ಮೇಲೆ, ಅವರ ಪೇಪರಿನ ಮೇಲೇ ಇಟ್ಟರು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು, ಓದದೆ, ಅಕ್ಷರ ಅಕ್ಷರ ಒತ್ತಿ ಸಹಿ ಮಾಡಿದರು. ನನ್ನನ್ನು ನೋಡಿ ಮೀಸೆಯಡಿ ನಕ್ಕರು ಕೂಡ.

ಹಿರಿಯರು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು: “ಮೊದಲು ಹಾಕಿದ ಹಳಿಯನ್ನು ಪೂರ್ತಿ ತೆಗೆದುಹಾಕಿ, ತಾಯಿಯವರು ಊರಲ್ಲಿಲ್ಲದಾಗ, ಅರ್ಜಿದಾರರು ಒಬ್ಬರೇ ಎಲ್ಲವನ್ನೂ ಹೊಸದಾಗಿ ಕೈಯಾರೆ ಮಾಡಿದ್ದನ್ನು ದಿನವೂ ಕೂತು ಕಣ್ಣಾರೆ ಕಂಡಿದ್ದೇನೆ.” ಮಡಚಿ ಫೈಲಿಗೆ ಇಟ್ಟರು. “ಇಷ್ಟು ಗಟ್ಟಿ ಸಾಕ್ಷಿ ನಮಗೆ ಎಲ್ಲೂ ಸಿಕ್ಕಿರಲಿಲ್ಲ ಯಜಮಾನರೇ. ತುಂಬ ಉಪಕಾರ.”

ದೊಡ್ಡಪ್ಪನ ನಗು ಮೀಸೆಯಡಿ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಒಂದೊಂದು ಕಡೆಯಿಂದ ಬಿಟ್ಟುಕೊಂಡು ಹೋಯಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಅವರು ಮೂರು ವಾರ ನನ್ನನ್ನು ನೋಡಿದ್ದರಲ್ಲ, ನಾನು ಅಷ್ಟನ್ನೂ ಒಂದೇ ಸಲ ನೋಡಿಕೊಂಡೆ.

ಅಂಕ ಕೂಡಿದರು. ಎಂಬತ್ತೊಂದು. ಹೆಣ್ಣುಮಗಳು ಪ್ರಮಾಣಪತ್ರದಲ್ಲಿ ನನ್ನ ಹೆಸರು ತುಂಬುತ್ತಿರುವಾಗ ಹಿರಿಯರು ಪ್ಲಾಟ್‌ಫಾರ್ಮಿನ ತುದಿಯ ಮನುಷ್ಯನ ಮೇಲೆ ಬೆರಳಿಟ್ಟರು. “ಇವರು ಯಾರು?”

“ರೈಲು ಬರಲ್ಲ ಅಂದು ಪೇಪರು ಓದುತ್ತ ಕೂತಿದ್ದವರು ಸಾರ್. ಈಗ ಓಡುತ್ತಿದ್ದಾರೆ” ಎಂದೆ.

ದೊಡ್ಡಪ್ಪ ಬಗ್ಗಿ ನೋಡಿದರು. ಟವೆಲ್ಲಿನ ಕೆಂಪಂಚು ನೋಡಿದರು. ತಮ್ಮ ಹೆಗಲ ಮೇಲಿನದನ್ನು ಮುಟ್ಟಿಕೊಂಡರು. ಎದ್ದು ಹೋಗಲಿಲ್ಲ, ಎದ್ದು ಹೋದರೆ ಒಪ್ಪಿಕೊಂಡಂತೆ.

ಹಿರಿಯರು ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, “ಇಲ್ಲಿ ಬೆಳಕು ಸಾಲದು, ಜಗಲಿಯ ಮೇಲೆ ಫೋಟೋ ತೆಗೆಯೋಣ. ತಾಯಿಯವರೂ ಬರಲಿ” ಎಂದು ನನ್ನ ಕೈಗೆ ಕೊಟ್ಟರು. ಅವ್ವ ಅಡಿಗೆಮನೆಯಿಂದ ಬಂದಳು. ಹಿತ್ತಲ ಕಡೆಗೆ ತಿರುಗುತ್ತಾಳೆ, ಸುತ್ತಿಕೊಂಡು ಬೀದಿಯಿಂದ ಬರುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೇರ ಮುಂಬಾಗಿಲಿಗೆ ಬಂದು, ಕುರ್ಚಿಯ ಎದುರು ನಿಂತು, ಜೀವಮಾನದಲ್ಲಿ ಮೊದಲ ಸಲ ಅವರ ಮುಖ ನೋಡಿ ಹೇಳಿದಳು:

“ಭಾವಾರೆ, ಚನ್ನಗಿರಿಗೆ ರೈಲು ಬಂದೈತೆ. ಕುರ್ಚಿ ತಗೀರಿ.”